ಮಳೆನೀರಿನ ಪಂಪು ಮತ್ತು ನಮ್ಮ ದಿನಗೂಲಿ

(ವಿಲೆ ಪಾರ್ಲೆಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮೊಗ್ರಾ ನಾಲೆಯ ಮಳೆನೀರಿನ ಪಂಪಿಂಗ್ ಕೇಂದ್ರವನ್ನು ತಡಮಾಡದೆ ಪೂರ್ತಿಗೊಳಿಸಬೇಕೆಂಬ ಬೇಡಿಕೆಗೆ ನಮ್ಮ ಸಂಘವು ಬೆಂಬಲ ನೀಡಬೇಕೆಂಬ ಠರಾವು ತಮ್ಮ ಮುಂದಿದೆ. “ಅದು ಅಂಧೇರಿಯವರ ಕೆಲಸ, ಪಾರ್ಲೆಯ ನಮಗೇನು?” ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಇಂದಿನ ಕೆಲಸ.

2005ರ ಜುಲೈ 26ನ್ನು ಯಾರೂ ಮರೆತಿಲ್ಲ. ನಮ್ಮ ಪಕ್ಕದ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಈ ಮಹಾನಗರದಲ್ಲಿ 400ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಅಷ್ಟು ದೊಡ್ಡ ಮಳೆಯ ಮಾತು ಹಾಗಿರಲಿ. ಸಾಧಾರಣ ಮಳೆಗೂ ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇಗಳಲ್ಲಿ ನೀರು ನಿಲ್ಲುವುದನ್ನು ನಾವು ವರ್ಷ ವರ್ಷ ಕಂಡಿದ್ದೇವೆ. ಗಿರಾಕಿ ಬಾರದಿದ್ದರೆ ಮಾಲಕರಿಗೆ ಒಂದು ದಿನದ ವ್ಯಾಪಾರ ಹೋಯಿತು. ದಿನಗೂಲಿಯವನಿಗೆ ಹೋಗುವುದು ಆ ದಿನದ ಅನ್ನ. ರೈಲು ನಿಂತರೆ ಹಾಜರಿಯೂ ಹೋಯಿತು.

ನೀರು ಏಕೆ ನಿಲ್ಲುತ್ತದೆ? ಈ ನಗರದ ಹಳೆಯ ಚರಂಡಿಗಳನ್ನು ಗಂಟೆಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ, ಅದೂ ಸಮುದ್ರ ಇಳಿತದಲ್ಲಿರುವಾಗ ನೀರು ಹರಿದುಹೋಗುವಂತೆ ಕಟ್ಟಿದ್ದರು. ಉಬ್ಬರ ಬಂದರೆ ನಾಲೆಯ ನೀರು ಹೊರಗೆ ಹೋಗುವುದಿಲ್ಲ. ಸಮುದ್ರವೇ ಒಳಗೆ ನುಗ್ಗುತ್ತದೆ.

ಕರಾವಳಿಯ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಪ್ಪುನೀರು ಗದ್ದೆಗೆ ನುಗ್ಗದಂತೆ ಊರವರು ಕೂಡಿ ಹೊಳೆಗೆ ಹಲಗೆಯಿಟ್ಟು, ಮಣ್ಣು ತುಂಬಿ ಕಟ್ಟ ಹಾಕುವುದನ್ನು ನೀವು ಕಂಡಿದ್ದೀರಿ. ಪಂಪಿಂಗ್ ಕೇಂದ್ರದ ಕೆಲಸವೂ ಅದೇ. ಉಬ್ಬರದಲ್ಲಿ ಬಾಗಿಲು ಮುಚ್ಚಿ ಸಮುದ್ರವನ್ನು ತಡೆಯುವುದು; ಒಳಗೆ ಸೇರಿದ ಮಳೆನೀರನ್ನು ದೊಡ್ಡ ಪಂಪುಗಳಿಂದ ಎತ್ತಿ ಹೊರಗೆ ಹಾಕುವುದು.

1993ರ ಬ್ರಿಮ್‌ಸ್ಟೋವಾಡ್ ವರದಿಯು ಚರಂಡಿಗಳ ಶಕ್ತಿಯನ್ನು ಗಂಟೆಗೆ 50 ಮಿಲಿಮೀಟರಿಗೆ ಏರಿಸಬೇಕೆಂದು ಹೇಳಿತು. ಆ ಯೋಜನೆಯಲ್ಲಿ ಎಂಟು ಪಂಪಿಂಗ್ ಕೇಂದ್ರಗಳಿದ್ದವು. ವರದಿ ಕಪಾಟಿನಲ್ಲಿ ಕುಳಿತಿತು; 2005ರ ನೆರೆ ಬಂದ ಮೇಲೆ ಅಧಿಕಾರಿಗಳು ಎಚ್ಚೆತ್ತರು. ಹಾಜಿ ಅಲಿ, ಇರ್ಲಾ, ಲವ್‌ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರ್, ಬ್ರಿಟಾನಿಯಾ, ಗಜದರಬಂಧ್ ಎಂಬ ಆರು ಕೇಂದ್ರಗಳು ಒಂದೊಂದಾಗಿ ಆದವು. ಮೊಗ್ರಾ ಮತ್ತು ಮಾಹುಲ್ ಜಾಗದ ತಕರಾರಿನಲ್ಲಿ ವರ್ಷಗಟ್ಟಲೆ ಹಿಂದೆ ಬಿದ್ದವು.

ಬಂಧುಗಳೇ, ಇರ್ಲಾ ಕೇಂದ್ರದ ಪ್ರಯೋಜನ ಪಾರ್ಲೆಗೆ ದೊರಕಿದೆ. ನಮ್ಮ ಮನೆಯ ನೀರು ಇಳಿದರೆ ಸಾಕು, ನೆರೆಯವನ ಮನೆ ಮುಳುಗಲಿ ಎನ್ನುವುದು ಕಾರ್ಮಿಕನ ಧರ್ಮವಲ್ಲ. ಅಂಧೇರಿಯಲ್ಲಿ ಮಲಗಿ ಪಾರ್ಲೆಯಲ್ಲಿ ಚಹಾ ಕೊಡುವವನೂ ನಮ್ಮವನೇ.

ಆದರೆ ಬೆಂಬಲದ ಜತೆಗೆ ಎರಡು ಮಾತು ಇರಲೇಬೇಕು. ಮೊದಲನೆಯದು ಅಧಿಕಾರಿಗಳಿಗೆ: ನಾಲೆ ಅಗಲ ಮಾಡುವಾಗ ದಡದ ಗುಡಿಸಲಿನವರನ್ನು ಎಬ್ಬಿಸುವುದಾದರೆ, ಕೆಲಸದ ಜಾಗಕ್ಕೆ ಹತ್ತಿರದಲ್ಲೇ ಮನೆ ಕೊಟ್ಟು ಎಬ್ಬಿಸಬೇಕು. ಬಡವನನ್ನು ನೀರಿನಿಂದ ಉಳಿಸಲು ಹೋಗಿ ಬೀದಿಗೆ ನೂಕಿದರೆ ಅದು ಸಾರ್ವಜನಿಕ ಹಿತವಾಗುವುದಿಲ್ಲ.

ಎರಡನೆಯದು ನಮಗೇ: ಕರಿದ ಎಣ್ಣೆ, ಅನ್ನದ ಮುಸುರೆ, ಪ್ಲಾಸ್ಟಿಕ್ ಚೀಲಗಳನ್ನು ಮೋರಿಗೆ ಹಾಕಿದರೆ ಎಷ್ಟು ದೊಡ್ಡ ಪಂಪಾದರೂ ಏನು ಮಾಡೀತು? ನೀರು ಅದರ ತನಕ ತಲುಪಿದರೆ ತಾನೆ ಅದು ಎತ್ತುವುದು! ಎಣ್ಣೆ ತಣಿದು ಗಟ್ಟಿಯಾಗಿ ಚರಂಡಿಯನ್ನು ಕಟ್ಟುತ್ತದೆ. ಎಣ್ಣೆಗೆ ಬೇರೆ ಡಬ್ಬಿ ಇಡಿಸಿರೆಂದು ಮಾಲಕರಿಗೆ ಸಂಘದ ಮೂಲಕ ಹೇಳೋಣ. ಒಬ್ಬೊಬ್ಬನೇ ಹೇಳಿ ಕೆಲಸ ಕಳೆದುಕೊಳ್ಳುವುದು ಬೇಡ.

ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಆ ಶಾಲೆಗಳೂ ಹತ್ತು ಜನ ಕೈಗೂಡಿಸಿದ್ದರಿಂದಲೇ ನಡೆದವು. ಹೊಟ್ಟೆಪಾಡಿಗಾಗಿ ಬಂದವರೆಂಬ ಭಾವನೆಯನ್ನು ಬಿಟ್ಟು, ಈ ನಗರವನ್ನು ಕಟ್ಟುವವರಲ್ಲಿ ನಾವೂ ಸೇರಿದವರೆಂದು ತಿಳಿದು, ಈ ಠರಾವನ್ನು ಒಮ್ಮತದಿಂದ ಅಂಗೀಕರಿಸಬೇಕೆಂದು ತಮ್ಮಲ್ಲಿ ಪ್ರಾರ್ಥಿಸುತ್ತೇನೆ.