ಮಳೆಗಾಲಕ್ಕೆ ಮುಂಚೆ ನಮ್ಮ ಖೋಲಿಯ ದುರಸ್ತಿ

(ಸಂಘದ ಏಪ್ರಿಲ್ ತಿಂಗಳ ಕೊನೆಯ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸು, ಇವುಗಳ ವಿಷಯ ನಾವು ಪ್ರತಿ ಸಭೆಯಲ್ಲೂ ಮಾತನಾಡುತ್ತೇವೆ. ಹೋರಾಡಿ ಪಡೆದ ಸಂಬಳವನ್ನು ವರ್ಷವರ್ಷವೂ ತಿಂದುಹಾಕುವ ಇನ್ನೊಂದು ಬಾಬ್ತಿದೆ. ಅದು ನಾವು ವಾಸಿಸುವ ಖೋಲಿಯ ದುರಸ್ತಿ. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಇಂದಿನಿಂದ ಲೆಕ್ಕ ಹಾಕಿದರೆ ಆರು ವಾರ. ಆರು ವಾರವೆಂದರೆ ನಮಗೆ ಆರು ರಜೆಯ ದಿನ. ಈ ಆರು ದಿನಗಳಲ್ಲಿ ನಮ್ಮ ಕೈಯಿಂದಲೇ ಏನೇನು ಆಗುತ್ತದೆ, ಯಾವುದಕ್ಕೆ ಕೈ ಹಚ್ಚಲೇ ಕೂಡದು, ಇದನ್ನು ಹೇಳುವುದಕ್ಕಾಗಿ ನಿಂತಿದ್ದೇನೆ.

ಮೊದಲನೆಯ ಮಾತು. ನೀರು ಕಾಣಿಸಿಕೊಳ್ಳುವ ಜಾಗ ಬೇರೆ, ಅದು ಒಳಗೆ ನುಗ್ಗುವ ಜಾಗ ಬೇರೆ. ನಮ್ಮವರು ಮಾಡುವುದೇನು? ಮೇ ತಿಂಗಳಲ್ಲಿ ಸಾಲ ತಂದಾದರೂ ಸರಿ, ಒದ್ದೆ ಹಿಡಿದ ಗೋಡೆಗೆ ಒಳಗಿನಿಂದ ಬಣ್ಣ ಬಳಿಸುತ್ತಾರೆ. ಚೌತಿಯ ಹೊತ್ತಿಗೆ ಆ ಬಣ್ಣ ಹಪ್ಪಳದ ಹಾಗೆ ಎದ್ದು ನಿಂತಿರುತ್ತದೆ. ಬಣ್ಣದ ಅಂಗಡಿಯವನಿಗೆ ಲಾಭ, ನಮಗೆ ಮತ್ತೆ ಅದೇ ಗೋಡೆ. ಆದುದರಿಂದ ಒಂದು ಕಾಸು ಬಿಚ್ಚುವ ಮುಂಚೆ ನೀರಿನ ದಾರಿಯನ್ನು ಹುಡುಕಿರಿ.

ಇದಕ್ಕೆ ಎಂಜಿನಿಯರು ಬೇಕಿಲ್ಲ. ಒದ್ದೆ ಗೋಡೆಯ ಮೇಲೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಎಂದರೆ ಗೋಡೆಯ ಕಡೆ ನೀರು ಕಟ್ಟಿದರೆ ತೇವ ಗೋಡೆಯಿಂದಲೇ ಬರುತ್ತಿದೆ. ಹೊರಮೈಯಲ್ಲಿ ಹನಿ ಕಂಡರೆ ಅದು ನಮ್ಮ ಅಡಿಗೆಯ ಹಬೆ; ಅದಕ್ಕೆ ಕಿಟಕಿ ತೆರೆಯುವುದೇ ಮದ್ದು, ಸಿಮೆಂಟಲ್ಲ. ಮಾಡಿನಿಂದ ಸೋರುತ್ತಿದೆಯೋ ಮೇಲಿನವರ ಮೋರಿಯಿಂದ ಸೋರುತ್ತಿದೆಯೋ ತಿಳಿಯದಿದ್ದರೆ, ಮೇಲಿನ ಮನೆಯ ತಾಯಿಯೊಡನೆ ಜಗಳಕ್ಕೆ ನಿಲ್ಲುವ ಮೊದಲು, ಅವರ ಒಪ್ಪಿಗೆ ಪಡೆದು ಒಂದು ಬಕೆಟ್ಟು ನೀರಿಗೆ ಬಟ್ಟೆಯ ನೀಲಿ ಬೆರೆಸಿ ಮೋರಿಗೆ ಸುರಿಯಿರಿ. ನಿಮ್ಮ ಸೂರಿನಲ್ಲಿ ನೀಲಿ ಕಂಡರೆ ಮಾತು ಮುಗಿಯಿತು. ಕಾಣದಿದ್ದರೆ ಜಗಳವೊಂದು ಉಳಿಯಿತು.

ಇನ್ನು ಮಾಡಿನ ವಿಷಯ. ಹಳೆಯ ಚಾಳುಗಳು ಕೆಲವದರ ಮೇಲೆ ಇಂದಿಗೂ ಮಂಗಳೂರು ಹೆಂಚು ಇದೆ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ನಾವು ಬರುವುದಕ್ಕೆ ಎಷ್ಟೋ ಮುಂಚೆ ನಮ್ಮೂರ ಮಣ್ಣು ಮುಂಬಯಿಗೆ ಬಂದು ಜನರ ತಲೆಯ ಮೇಲೆ ಕುಳಿತುಕೊಂಡಿದೆ! ಒಡೆದ ಹೆಂಚಿಗೆ ಸಿಮೆಂಟು ಮೆತ್ತುವುದು ವ್ಯರ್ಥ. ಮೇಲಿನ ಸಾಲಿನ ಹೆಂಚನ್ನು ಸ್ವಲ್ಪ ಎತ್ತಿ ಒಡೆದದ್ದನ್ನು ಕೆಳಕ್ಕೆ ಎಳೆದು ತೆಗೆಯಿರಿ, ಹೊಸದನ್ನು ಅದೇ ದಾರಿಯಲ್ಲಿ ಮೇಲಕ್ಕೆ ದೂಡಿ ಪಟ್ಟಿಗೆ ಸಿಕ್ಕಿಸಿರಿ. ಊರಿನಲ್ಲಿ ಮಳೆಗೆ ಮುಂಚೆ ಮಾಡು ಹತ್ತಿದವರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ.

ತಗಡಿನ ಮಾಡಿದ್ದವರು ಮೂರು ಸಂಗತಿ ನೋಡಿಕೊಳ್ಳಿರಿ. ತಗಡಿನ ಏರಿನ ಮೇಲೆ ಸ್ಕ್ರೂ ಹಾಕಬೇಕು, ತಗ್ಗಿನಲ್ಲಲ್ಲ; ತಗ್ಗಿನಲ್ಲಿ ನೀರು ಹರಿಯುತ್ತದೆ. ಮೇಲಿನ ತಗಡು ಕೆಳಗಿನದರ ಮೇಲೆ ಆರಿಂಚಾದರೂ ಕೂತಿರಬೇಕು. ಇಲ್ಲಿಯ ಮಳೆ ನೈಋತ್ಯದಿಂದ ಗಾಳಿಯೊಡನೆ ಹೊಡೆಯುತ್ತದೆ. ಆದುದರಿಂದ ಪಕ್ಕದ ಜೋಡಣೆಯ ತೆರೆದ ಅಂಚು ಗಾಳಿಗೆ ಬೆನ್ನು ಮಾಡಿರಬೇಕು. ಅದು ಲೋಹದ ತಗಡಲ್ಲದೆ ಬೂದುಬಣ್ಣದ ಹಳೆಯ ಸಿಮೆಂಟು ಪತ್ರೆಯಾಗಿದ್ದರೆ ಅದರಲ್ಲಿ ಆಸ್‌ಬೆಸ್ಟಾಸ್ ಇರುತ್ತದೆಂದೇ ತಿಳಿದು ಗರಗಸ, ಡ್ರಿಲ್ಲು ಹತ್ತಿರ ತರಬೇಡಿರಿ. ಆ ಧೂಳು ಪುಪ್ಪುಸಕ್ಕೆ ಹೊಕ್ಕರೆ ಹತ್ತಾರು ವರ್ಷದ ಮೇಲೆ ಕ್ಯಾನ್ಸರಾಗಿ ಹೊರಬೀಳುತ್ತದೆ. ಅದರ ಮೇಲೆ ನೇರ ಕಾಲಿಟ್ಟರೆ ಬಿಸ್ಕೀಟಿನ ಹಾಗೆ ಮುರಿದು ಕೆಳಗೆ ಬೀಳುವಿರಿ. ಆಧಾರದಿಂದ ಆಧಾರಕ್ಕೆ ಹಲಗೆ ಹಾಸಿ ಅದರ ಮೇಲೆಯೇ ನಡೆಯಬೇಕು. ಒಬ್ಬರೇ ಹತ್ತಬೇಡಿರಿ.

ಈಗ ಗಾರೆ. ಇಲ್ಲಿ ಹೊಟೇಲಿನವರಾದ ನಮಗೆ ಒಂದು ಅನುಕೂಲವಿದೆ, ಹದವೆಂದರೇನೆಂದು ನಮಗೆ ಗೊತ್ತು. ಮಳೆ ಬಡಿಯುವ ಗೋಡೆಗೆ ಒಂದು ಘಮೇಲ ಸಿಮೆಂಟಿಗೆ ನಾಲ್ಕು ಘಮೇಲ ಮರಳು. ಒಳಗಿನ ಒಣ ಗೋಡೆಗೆ ಆರು ಸಾಕು. ಮೊದಲು ಎರಡನ್ನೂ ಒಣದರಲ್ಲೇ ಒಂದೇ ಬಣ್ಣವಾಗುವ ತನಕ ಕಲಸಬೇಕು. ಆಮೇಲೆ ನೀರು. ನೀರು ದೋಸೆ ಹಿಟ್ಟಿನಷ್ಟು ತೆಳುವಾಗಿಸಿದರೆ ಹಚ್ಚುವುದಕ್ಕೆ ಸುಲಭ, ಆದರೆ ಒಣಗಿದ ಮೇಲೆ ಬೆರಳಿನಲ್ಲಿ ಉದುರುತ್ತದೆ. ವಡೆಯ ಹಿಟ್ಟಿನ ಹದವಿರಲಿ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಮುಗಿಸಿರಿ. ಬಿಗಿದುಕೊಂಡ ಗಾರೆಗೆ ಮತ್ತೆ ನೀರು ಹಾಕಿ ಎಬ್ಬಿಸುವುದು, ಹಳಸಿದ ಸಾಂಬಾರಿಗೆ ಒಗ್ಗರಣೆ ಕೊಟ್ಟಂತೆ.

ನೂರು ಚದರ ಅಡಿ ಗೋಡೆಗೆ ಅರ್ಧ ಇಂಚು ದಪ್ಪಕ್ಕೆ, ಒಂದಕ್ಕೆ ನಾಲ್ಕರ ಲೆಕ್ಕದಲ್ಲಿ, 50 ಕಿಲೋದ ಸುಮಾರು ಒಂದು ಚೀಲ ಸಿಮೆಂಟು ಬೇಕು. ಇದು ಗೊತ್ತಿದ್ದರೆ ಗುತ್ತಿಗೆದಾರನು ಮೂರು ಚೀಲದ ಬಿಲ್ಲು ತಂದಾಗ ಕೇಳಬಹುದು. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ಮೀರಿದ್ದು, ಗಂಟು ಕಟ್ಟಿದ್ದು ಬೇಡ. ಮರಳನ್ನು ನಾಲಗೆಗೆ ಮುಟ್ಟಿಸಿ ನೋಡಿ: ಉಪ್ಪಾಗಿದ್ದರೆ ಕಡಲಿನದು, ಗೋಡೆಗೆ ಬಿಳಿ ಹಿಟ್ಟು ಬರಿಸುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಗಾಜಿನ ಲೋಟದಲ್ಲಿ ಮರಳು ಹಾಕಿ ನೀರು ತುಂಬಿ ಕಲಕಿ ಬಿಡಿ; ಮೇಲೆ ದಪ್ಪ ಕೆಸರಿನ ಪದರ ನಿಂತರೆ ಆ ಮರಳನ್ನು ತೊಳೆಯದೆ ಬಳಸಬಾರದು.

ಹಳೆಯ ಪ್ಲಾಸ್ಟರನ್ನು ಬೆರಳ ಗೆಣ್ಣಿನಿಂದ ತಟ್ಟಿರಿ. ಡೊಳ್ಳು ಸದ್ದು ಬಂದಷ್ಟನ್ನು ಕೆರೆದು ತೆಗೆಯಬೇಕು, ಧೂಳು ಉಜ್ಜಬೇಕು, ಗೋಡೆಯನ್ನು ಚೆನ್ನಾಗಿ ತೋಯಿಸಬೇಕು, ಆಮೇಲೆ ಕರಣೆ ಹಿಡಿಯಬೇಕು. ಹಚ್ಚಿದ ಮರುದಿನದಿಂದ ಏಳು ದಿನ ತೇವ ಆರದಂತೆ ನೀರುಣಿಸಬೇಕು. ನಾವು ಬೆಳಗಿನ ಐದಕ್ಕೆ ಡ್ಯೂಟಿಗೆ ಹೋಗುವವರು. ಏಳು ದಿನ ನೀರು ಚಿಮುಕಿಸುವವರು ಯಾರು? ಮನೆಯ ಹೆಂಗಸರೇ. ಗಾರೆಯ ಗಟ್ಟಿತನದಲ್ಲಿ ಅರ್ಧ ಭಾಗ ಅವರದು. ಆದರೆ ಹೆಸರು ಮಾತ್ರ ಗವಂಡಿಗೆ. ಒದ್ದೆ ಗೋಣಿಚೀಲ ತೂಗುಬಿಟ್ಟರೆ ಅವರ ಕೆಲಸ ಸ್ವಲ್ಪ ಹಗುರಾದೀತು.

ಒಂದು ಎಚ್ಚರಿಕೆ. ಗಿರಗಾಂವ, ಪರೇಲ ಕಡೆಯ ಬಹಳ ಹಳೆಯ ಕಟ್ಟಡಗಳಲ್ಲಿ ಗೋಡೆ ಸುಣ್ಣದ ಗಾರೆಯಲ್ಲಿ ಕಟ್ಟಿದ್ದಿದ್ದರೆ ಗಟ್ಟಿ ಸಿಮೆಂಟಿನ ಕವಚ ಹಾಕಬೇಡಿರಿ. ಸುಣ್ಣದ ಗೋಡೆ ಉಸಿರಾಡುತ್ತದೆ. ಬಾಯಿ ಮುಚ್ಚಿದರೆ ತೇವ ಒಳಗೇ ನಿಂತು ಇನ್ನೂ ಮೇಲಕ್ಕೆ ಏರುತ್ತದೆ. ಸುಣ್ಣಕ್ಕೆ ಸುಣ್ಣವೇ ಸರಿ.

ಇಷ್ಟರ ತನಕ ಹಣದ ಮಾತಾಯಿತು. ಇನ್ನು ಜೀವದ ಮಾತು. ನಮ್ಮ ಚಾಳುಗಳಲ್ಲಿ ಒಂದು ಪದ್ಧತಿಯಿದೆ. ಒಬ್ಬ ಬಾಡಿಗೆದಾರ ಹಳೆಯ ನೆಲದ ಮೇಲೆ ಹೊಸ ಟೈಲ್ಸು ಹಾಕಿಸುತ್ತಾನೆ. ಹತ್ತು ವರ್ಷದ ಮೇಲೆ ಅವನ ಮಗ ಅದರ ಮೇಲೆ ಇನ್ನೊಂದು ಪದರ ಹಾಕಿಸುತ್ತಾನೆ. ಮೋರಿ ಸೋರಿದರೆ ಇಟ್ಟಿಗೆ ಚೂರಿನ ಕೋಬಾ, ಮತ್ತೆ ಸೋರಿದರೆ ಕೋಬಾದ ಮೇಲೆ ಕೋಬಾ. ಇದರ ತೂಕವನ್ನು ಯಾರಾದರೂ ಲೆಕ್ಕ ಹಾಕಿದ್ದೀರಾ? ಒಂದಿಂಚು ಗಾರೆ ಹಾಸಿ ಟೈಲ್ಸು ಹಾಕಿದರೆ ಚದರ ಮೀಟರಿಗೆ 60–70 ಕಿಲೋ. ಹತ್ತಕ್ಕೆ ಹನ್ನೆರಡಡಿಯ ಖೋಲಿ 11 ಚದರ ಮೀಟರು. ಎಂದರೆ 700 ಕಿಲೋ ಸಮೀಪ. ಅಕ್ಕಿಯ 50 ಕಿಲೋ ಮೂಟೆಗಳಲ್ಲಿ ಹೇಳುವುದಾದರೆ ಹದಿಮೂರು ಹದಿನಾಲ್ಕು ಮೂಟೆಯನ್ನು ಕೆಳಗಿನವರ ತಲೆಯ ಮೇಲೆ ಶಾಶ್ವತವಾಗಿ ಇಟ್ಟಂತಾಯಿತು. ನಾಲ್ಕಿಂಚಿನ ಕೋಬಾ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. ಮನೆಯೊಂದರ ನೆಲಕ್ಕೆ ಜನ, ಸಾಮಾನು ಎಲ್ಲ ಸೇರಿ ಎಂಜಿನಿಯರರು ಹಿಡಿಯುವ ಭಾರವೇ ಚದರ ಮೀಟರಿಗೆ 200 ಕಿಲೋ. ಅದೂ ಹೊಸ ಕಟ್ಟಡಕ್ಕೆ. ಮರದ ತೊಲೆಯ ಮೇಲೆ ನಿಂತ ನಮ್ಮ ನೆಲದ ಪಾಡೇನು? ಆದುದರಿಂದ ಹೊಸದು ಹಾಕುವುದಾದರೆ ಹಳೆಯದನ್ನು ತೆಗೆದೇ ಹಾಕಬೇಕು. ತೆಗೆಯುವ ಕೂಲಿ ಉಳಿಸುವ ಆಸೆ ಬೇಡ. ಹೊಸ ಮೋರಿಯ ಇಳಿಜಾರು ಮೂರಡಿಗೆ ಅರ್ಧ ಇಂಚು ಇರಲಿ. ಟೈಲ್ಸು ಹಾಕುವ ಮುಂಚೆ ಬಾಯಿಗೆ ಬಟ್ಟೆ ತುರುಕಿ ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ಕೆಳಗಿನವರ ಸೂರು ನೋಡಿಕೊಂಡು ಬನ್ನಿ.

ನೀರಿನ ಡ್ರಮ್ಮು ಕೂಡ ಹಾಗೆಯೇ. 200 ಲೀಟರಿನ ಡ್ರಮ್ಮು ತುಂಬಿದರೆ 200 ಕಿಲೋ, ಅದು ನಿಲ್ಲುವ ಜಾಗ ಅರ್ಧ ಚದರ ಮೀಟರೂ ಇಲ್ಲ. ಖೋಲಿಯ ನಡುವೆ ಇಡದೆ ಗೋಡೆಗೆ ಒತ್ತಿ ಇಡಿರಿ. ಗೋಡೆಯಲ್ಲಿ ಹುದುಗಿದ ತೊಲೆಯ ತುದಿಯನ್ನು ವರ್ಷಕ್ಕೊಮ್ಮೆ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ಬೆಣ್ಣೆಯಂತೆ ಒಳಗಿಳಿದರೆ ಅದು ಕೊಳೆತಿದೆ. ಅಂಥ ಸೂರಿಗೆ ಚೆಂದಕ್ಕಾಗಿ ಹಲಗೆಯ ಒಳಮಾಡು ಹೊಡೆದು ಮುಚ್ಚುವುದು, ಹುಣ್ಣಿನ ಮೇಲೆ ಜರಿಶಾಲು ಹೊದಿಸಿದಂತೆ. ಕಾಂಕ್ರೀಟಿನ ತೊಲೆಯಲ್ಲಿ ಸರಳಿನ ಉದ್ದಕ್ಕೆ ಬಿರುಕು, ತುಕ್ಕಿನ ಕಲೆ ಕಂಡರೂ ಅಷ್ಟೆ. ಒಳಗೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ. ಅದು ನಮ್ಮ ಕರಣೆಯ ಕೆಲಸವಲ್ಲ.

ಗೋಡೆ ಒಡೆದು ಖೋಲಿ ದೊಡ್ಡದು ಮಾಡುವ ಆಸೆ ಯಾರಿಗಿಲ್ಲ? ಆದರೆ 2017ರ ಜುಲೈ 25ರಂದು ಘಾಟಕೋಪರದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಕುಸಿದು 17 ಜನ ಸತ್ತರು. ತಳ ಅಂತಸ್ತಿನ ನವೀಕರಣದಲ್ಲಿ ಕಂಬಗಳಿಗೆ ಕೈ ಹಚ್ಚಿದ್ದರೆಂದು ಅಲ್ಲಿಯ ನಿವಾಸಿಗಳು ದೂರಿದರು. ಸತ್ತವರು ಆ ಕೆಲಸ ಮಾಡಿಸಿದವರಲ್ಲ, ಮೇಲೆ ವಾಸವಿದ್ದವರು. ಒಂಬತ್ತಿಂಚು ಅಥವಾ ಅದಕ್ಕಿಂತ ದಪ್ಪದ ಗೋಡೆ ಭಾರ ಹೊತ್ತದ್ದೆಂದೇ ತಿಳಿಯಿರಿ. ತೆಳು ಗೋಡೆ ಹೊತ್ತಿಲ್ಲವೆಂದೂ ನಂಬಬೇಡಿರಿ. ವರ್ಷಗಳು ಕಳೆದಂತೆ ಬಾಗಿದ ತೊಲೆ ಅದರ ಮೇಲೆ ಬಂದು ಕುಳಿತಿರಬಹುದು. ವಿದ್ಯುತ್ತಿನ ವಿಷಯವೂ ಹೀಗೆಯೇ. ಬಲ್ಬು ಬದಲಿಸಬಹುದು, ತಂತಿ ಎಳೆಯುವುದು ಪರವಾನೆ ಇದ್ದವನ ಕೆಲಸ.

ಕಾಯಿದೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಮುಂಬಯಿ ಮಹಾನಗರಪಾಲಿಕೆಯ 1888ರ ಕಾಯಿದೆಯ 342ನೆಯ ಕಲಮಿನ ಪ್ರಕಾರ ಪ್ಲಾಸ್ಟರು, ಬಣ್ಣ, ನೆಲದ ಟೈಲ್ಸು, ಮೋರಿ, ನಲ್ಲಿಯ ರಿಪೇರಿ, ಇದ್ದ ಸಾಮಗ್ರಿಯಿಂದಲೇ ಮಾಡು ಬದಲಿಸುವುದು, ಇವು ವಾಸಯೋಗ್ಯ ದುರಸ್ತಿಗಳು. ಇವಕ್ಕೆ ಪಾಲಿಕೆಯ ಅನುಮತಿ ಬೇಡ. ಭಾರ ಹೊತ್ತ ಗೋಡೆ ತೆಗೆಯುವುದು, ನೆಲ ತಗ್ಗಿಸುವುದು, ಮಾಳ ಹಾಕುವುದು ಅಥವಾ ಇದ್ದ ಮಾಳವನ್ನು ಬೆಳೆಸುವುದು ಅದರಲ್ಲಿ ಸೇರಿಲ್ಲ. ಇನ್ನು ಶೇಟನು ಅಡಿಗೆಯ ಓಟಾ ಕಟ್ಟಿಸಿದಿರೆಂದು ಖಾಲಿ ಮಾಡಿಸುವ ಬೆದರಿಕೆ ಹಾಕಿದರೆ ಹೆದರಬೇಡಿರಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಅದನ್ನು, ಮರದ ಅಡ್ಡಗೋಡೆಯನ್ನು, ಗಾಳಿಗೆ ಬೇಕಾದ ಕಿಟಕಿಯನ್ನು ಕಾಯಂ ಕಟ್ಟಡವೆಂದು ಎಣಿಸುವುದಿಲ್ಲ. ಪಾಲಿಕೆಯ ಅನುಮತಿ ಬೇಕಾದಲ್ಲಿ ಪಡೆದಿರಬೇಕು, ಅಷ್ಟೆ.

ಕೆಲಸಕ್ಕೆ ಕೈ ಸಾಲದಿದ್ದರೆ ನಾಕಾದಿಂದ ಗವಂಡಿಯೊಬ್ಬನನ್ನು ಒಂದು ದಿನಕ್ಕೆ ಕರೆದು, ಕೈಯಾಳಿನ ಕೆಲಸ ನೀವೇ ಮಾಡಿರಿ. ಒಂದು ಕೂಲಿ ಉಳಿಯಿತು, ವಿದ್ಯೆಯೂ ಬಂತು. ಆದರೆ ಅವನ ಕೂಲಿಯಲ್ಲಿ ಚೌಕಾಶಿ ಬೇಡ. ಬೆಳಿಗ್ಗೆ ನಾಕಾದಲ್ಲಿ ನಿಲ್ಲುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ನಮ್ಮ ಮಾತಿನವರೂ ಇದ್ದಾರೆ. ಮಾಲೀಕನು ನಮ್ಮೊಡನೆ ಮಾಡುವುದನ್ನು ನಾವು ಅವರೊಡನೆ ಮಾಡುವುದೇ?

ದೊಡ್ಡ ದುರಸ್ತಿ ಮನೆಯೊಡೆಯನ ಹೊಣೆ. ಅದೇ ಬಾಡಿಗೆ ಕಾಯಿದೆಯ 14ನೆಯ ಕಲಮು ಹೀಗಿದೆ: ಒಡೆಯನಿಗೆ ಕನಿಷ್ಠ ಹದಿನೈದು ದಿನಗಳ ನೋಟೀಸು ಕೊಡಬೇಕು. ಆಮೇಲೂ ಅವನು ಕದಲದಿದ್ದರೆ ಬಾಡಿಗೆದಾರರು ತಾವೇ ದುರಸ್ತಿ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಮುರಿಯುವಂತಿಲ್ಲ. ಹಳೆಯ ಬಾಡಿಗೆ ಎಷ್ಟು ಕಡಿಮೆಯೆಂದು ನಿಮಗೆ ಗೊತ್ತು. ಒಬ್ಬನದರಲ್ಲಿ ಒಂದು ಕೊಳವೆಯೂ ಬಾರದು. ಮಹಡಿಯವರೆಲ್ಲ ಸೇರಿ ಒಂದೇ ನೋಟೀಸು ಕೊಡುವುದಕ್ಕೆ ಕಾಯಿದೆಯಲ್ಲೇ ದಾರಿಯಿದೆ. ತೊಲೆ, ಕಂಬ ಕೆಟ್ಟಿದ್ದು ನಗರದ್ವೀಪದೊಳಗಿನ 1969ಕ್ಕಿಂತ ಹಿಂದಿನ ಸೆಸ್ ಕಟ್ಟಡವಾಗಿದ್ದರೆ ಮ್ಹಾಡಾದ ಕಟ್ಟಡ ದುರಸ್ತಿ ಮಂಡಳಿಗೂ, ಉಳಿದ ಕಡೆ ಪಾಲಿಕೆಯ ವಾರ್ಡು ಕಚೇರಿಗೂ ಬರೆಯಿರಿ. ಕಟ್ಟಡವನ್ನು ಸಿ-1 ವರ್ಗಕ್ಕೆ ಹಾಕಿದ್ದರೆ ಅದು ಖಾಲಿ ಮಾಡಿ ಕೆಡವಬೇಕಾದದ್ದು. ಅಂಥಲ್ಲಿ ಒಂದು ಮೊಳೆಯನ್ನೂ ಹೊಡೆಯದೆ ಮಕ್ಕಳನ್ನು ಕರೆದುಕೊಂಡು ಹೊರಡಿರಿ, ಹಕ್ಕಿನ ಕಾಗದಪತ್ರ ಕೈಯಲ್ಲಿ ಹಿಡಿದುಕೊಂಡು.

ನೋಟೀಸನ್ನು ಅಂಚೆಯಲ್ಲಿ ಕಳಿಸಿ ರಶೀದಿ ಜೋಪಾನ ಮಾಡಿರಿ. ಇಂದು ಬರೆದರೆ ಹದಿನೈದು ದಿನ ಮೇ ನಡುವಿಗೆ ಮುಗಿಯುತ್ತದೆ, ಮಳೆಗೆ ಇನ್ನೂ ಮೂರು ವಾರದ ಮೇಲೆ ಸಮಯ ಉಳಿಯುತ್ತದೆ. ಮರಾಠಿಯಲ್ಲಿ ಬರೆದ ನಮೂನೆಯನ್ನು ಕಾರ್ಯದರ್ಶಿಗಳು ಮೇಜಿನ ಮೇಲೆ ಇಟ್ಟಿದ್ದಾರೆ. ಒಂದೇ ಚಾಳಿನವರು ಒಟ್ಟಾಗಿ ಬಂದು ಸಹಿ ಹಾಕಿರಿ. ಸಂಘದ ಎರಡು ಕರಣೆ, ಒಂದು ಜರಡಿ, ಒಂದು ಏಣಿ ಕಚೇರಿಯಲ್ಲಿವೆ. ಬೇಕಾದವರು ಹೆಸರು ಬರೆಸಿ ಒಯ್ಯಬಹುದು, ರಜೆಯ ಮರುದಿನ ತೊಳೆದು ಹಿಂದಕ್ಕೆ ತರಬೇಕು.