ನೆರೆಯ ನಂತರದ ಮಾನಸಿಕ ಆಘಾತ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದುದು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಯು ದಂಡೆ ಮೀರಿ ಹರಿದುದನ್ನು ತಾವು ಮರೆತಿರಲಾರಿರಿ. ನೀರು ಇಳಿದ ಮೇಲೆ ನಾವೆಲ್ಲರೂ ಮನೆಮನೆಗೆ ತೆರಳಿ ಹಾನಿಯ ಪಟ್ಟಿ ಸಿದ್ಧಪಡಿಸಿದೆವು. ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದೆವು. ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರವೆಂದು ನಿಗದಿಯಾಯಿತು. ಸಿವಿಲ್ ಎಂಜಿನಿಯರಿಂಗ್ ಓದಿದ ನನಗೆ ಗೋಡೆಯ ಬಿರುಕನ್ನು ನೋಡಿ ವರ್ಗ ಹೇಳುವುದು ಕಷ್ಟವಾಗಲಿಲ್ಲ. ಆದರೆ ಆ ಗೋಡೆಗಳ ನಡುವೆ ಬದುಕಿದ್ದ ಮನುಷ್ಯರಿಗೆ ಏನಾಗಿದೆಯೆಂದು ಬರೆಯಲು ನಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲ. ಅದನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಆ ತಪ್ಪು ನನಗೆ ಹೇಗೆ ಅರಿವಾಯಿತೆಂಬುದನ್ನು ಇಂದು ತಮ್ಮ ಮುಂದೆ ಹೇಳಬಯಸುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರನ್ನಾಗಲಿ, ಊರನ್ನಾಗಲಿ ಹೇಳುವುದಿಲ್ಲ.

ನಮ್ಮ ಪಂಚಾಯತಿಯ ನೀರುಗಂಟಿಯೊಬ್ಬರು ನೆರೆಯ ರಾತ್ರಿ ಮೋಟಾರಿನ ವಿದ್ಯುತ್ ಸಂಪರ್ಕ ಕಡಿಯಲು ಪಂಪ್‌ಹೌಸಿಗೆ ಹೋಗಿದ್ದರು. ಅಷ್ಟರಲ್ಲಿ ನೀರು ಸುತ್ತುವರಿಯಿತು. ಬೆಳಗಿನವರೆಗೆ ಪಂಪ್‌ಹೌಸಿನ ಮೇಲೆಯೇ ಕುಳಿತಿದ್ದರು. ಪಕ್ಕದ ಹೊಲದ ಕೊಟ್ಟಿಗೆಯಲ್ಲಿ ಅವರ ಎರಡು ಎಮ್ಮೆಗಳು ಕಟ್ಟಿದ್ದಂತೆಯೇ ಇದ್ದವು. ಅವುಗಳ ಕೂಗು ನಿಲ್ಲುವವರೆಗೂ ಅವರು ಕೇಳಿಸಿಕೊಂಡರು. ಮರುವಾರವೇ ಕೆಲಸಕ್ಕೆ ಹಾಜರಾದರು. ನಾವು ಅವರ ಧೈರ್ಯವನ್ನು ಹೊಗಳಿ ಸುಮ್ಮನಾದೆವು.

ಮುಂದಿನ ಮಳೆಗಾಲದಿಂದ ದೂರುಗಳು ಆರಂಭವಾದವು. ಮೋಡ ಕವಿದ ದಿನ ನೀರು ಬಿಡುವುದಿಲ್ಲ, ಫೋನ್ ಬಂದ್, ಯಾರಾದರೂ ಕೇಳಿದರೆ ರೇಗುತ್ತಾರೆ ಎಂದರು. ಕುಡಿತ ಕಲಿತಿದ್ದಾರೆಂದು ಕೆಲವರು, ಗಾಳಿ ಸೋಕಿದೆಯೆಂದು ಕೆಲವರು. 2021ರಲ್ಲಿ ನಾನು ಎರಡು ಬಾರಿ ಕಾರಣ ಕೇಳಿ ನೋಟಿಸ್ ನೀಡಿದೆ. ಮೂರನೆಯದು ಮೇಜಿನ ಮೇಲಿದ್ದಾಗ ಅವರ ಪತ್ನಿ ಕಚೇರಿಗೆ ಬಂದು ಹೇಳಿದ ಮಾತು ಇದು: “ಸಾಹೇಬ್ರ, ಮಳಿ ಸಪ್ಪಳ ಕೇಳಿದ್ರ ಸಾಕ್ರಿ, ನಡುರಾತ್ರ್ಯಾಗ ಎದ್ದು ಎಮ್ಮಿ ಬಿಚ್ಚಾಕ ಓಡ್ತಾರ್ರಿ. ಎಮ್ಮಿ ಹೋಗಿ ಎರಡು ವರ್ಷ ಆತ್ರಿ.”

ಆ ನೋಟಿಸಿಗೆ ನಾನು ಸಹಿ ಹಾಕಲಿಲ್ಲ.

ಸದಸ್ಯ ಬಂಧುಗಳೇ, ಇದಕ್ಕೆ ವೈದ್ಯಶಾಸ್ತ್ರದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಸಂಕ್ಷೇಪವಾಗಿ ಪಿಟಿಎಸ್‌ಡಿ ಎನ್ನುತ್ತಾರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಇದನ್ನು ತನ್ನ ಕಾಯಿಲೆಗಳ ಕೈಪಿಡಿಯಲ್ಲಿ ಸೇರಿಸಿತು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಸಂಕಟವು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಆದರೆ ಇದು ಸೈನಿಕರಿಗೆ ಮಾತ್ರ ಬರುವುದಲ್ಲ. ನೆರೆ, ಭೂಕುಸಿತ, ರಸ್ತೆ ಅಪಘಾತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ, ಕಣ್ಣೆದುರಿನ ಸಾವು, ಇವುಗಳಲ್ಲಿ ಯಾವುದರಿಂದಲೂ ಬರಬಹುದು.

ಲಕ್ಷಣಗಳು ನಾಲ್ಕು ಬಗೆಯವು. ಮೊದಲನೆಯದು, ನಡೆದುದು ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮರಳಿ ಮರಳಿ ಬರುವುದು; ಅದು ನೆನಪಿನಂತೆ ಬಾರದೆ ಈಗಲೇ ನಡೆಯುತ್ತಿರುವಂತೆ ಬರುತ್ತದೆ. ಎರಡನೆಯದು, ಆ ಸ್ಥಳ, ಆ ಮಾತು, ಆ ಜನರಿಂದ ದೂರ ಸರಿಯುವುದು. ಮೂರನೆಯದು, ಯಾವುದರಲ್ಲಿಯೂ ಮನಸ್ಸಿಲ್ಲದಿರುವುದು, ತನ್ನಿಂದಲೇ ತಪ್ಪಾಯಿತೆಂದು ಕೊರಗುವುದು. ನಾಲ್ಕನೆಯದು, ಸಣ್ಣ ಸದ್ದಿಗೂ ಬೆಚ್ಚುವುದು, ನಿದ್ದೆಗೆಡುವುದು, ಸಿಡುಕುವುದು. ಆಘಾತದ ಮೊದಲ ವಾರಗಳಲ್ಲಿ ಇವು ಬಹುತೇಕರಲ್ಲಿ ಕಾಣಿಸಿಕೊಂಡು ತಾವಾಗಿ ಇಳಿಯುತ್ತವೆ. ಒಂದು ತಿಂಗಳು ಮೀರಿಯೂ ಉಳಿದು ದುಡಿಮೆಗೂ ಸಂಸಾರಕ್ಕೂ ಅಡ್ಡಿಯಾದರೆ ಚಿಕಿತ್ಸೆ ಬೇಕು. ಕೆಲವರಲ್ಲಿ ಹಲವು ತಿಂಗಳ ನಂತರ ತಲೆದೋರುವುದೂ ಉಂಟು.

ಮೋಟಾರಿನ ಸ್ಟಾರ್ಟರ್ ಅಪಾಯ ಬಂದಾಗ ಟ್ರಿಪ್ ಆಗಬೇಕು. ಅದು ಅದರ ಧರ್ಮ. ಒಮ್ಮೆ ಭಾರಿ ಹೊಡೆತ ತಿಂದ ರಿಲೇ, ಅಪಾಯವಿಲ್ಲದಿದ್ದರೂ ಪದೇ ಪದೇ ಟ್ರಿಪ್ ಆಗತೊಡಗಿದರೆ ನಾವು ಮೋಟಾರನ್ನು ಸೋಮಾರಿ ಎನ್ನುವುದಿಲ್ಲ. ಮನುಷ್ಯನನ್ನು ಮಾತ್ರ ಅಂಜುಬುರುಕ, ಕುಡುಕ, ಕೆಲಸಗಳ್ಳ ಎನ್ನುತ್ತೇವೆ. ಕುಡಿತವೂ ಎಷ್ಟೋ ಸಲ ನಿದ್ದೆಗಾಗಿ ಹುಡುಕಿಕೊಂಡ ದಾರಿಯಾಗಿರುತ್ತದೆ. ಅದು ರೋಗವನ್ನು ಹೆಚ್ಚಿಸುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

ಆಶಾ ಕಾರ್ಯಕರ್ತೆಯವರ ನೆರವಿನಿಂದ ನಾವು ಅವರನ್ನು ತಾಲ್ಲೂಕು ಆಸ್ಪತ್ರೆಗೆ, ಮನೋವೈದ್ಯರು ಬರುವ ದಿನ, ಕರೆದೊಯ್ದೆವು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಈ ಸೇವೆ ಉಚಿತವಾಗಿದೆ. ನಿದ್ದೆಗೂ ಆತಂಕಕ್ಕೂ ಔಷಧ ಕೊಟ್ಟರು. ಅದಕ್ಕಿಂತ ಮುಖ್ಯವಾದುದು ಮಾತಿನ ಚಿಕಿತ್ಸೆ. ಮನಶ್ಶಾಸ್ತ್ರಜ್ಞರು ಮೊದಲ ದಿನವೇ ಎಲ್ಲವನ್ನೂ ಕೆದಕಲಿಲ್ಲ. ಉಸಿರನ್ನು ಹತೋಟಿಗೆ ತರುವುದನ್ನು ಕಲಿಸಿದರು. ಬಳಿಕ ಆ ರಾತ್ರಿಯನ್ನು ಮೊದಲಿನಿಂದ ಕೊನೆಯವರೆಗೆ, ಅವರಿಗೆ ಸಾಧ್ಯವಾದಷ್ಟೇ ವೇಗದಲ್ಲಿ, ಹೇಳಿಸಿದರು. ಬಿಸಿಲಿನ ದಿನ ಪಂಪ್‌ಹೌಸಿನ ದಾರಿಯವರೆಗೆ, ನಂತರ ಬಾಗಿಲಿನವರೆಗೆ, ನಂತರ ಒಳಗೆ ಹೋಗುವ ಅಭ್ಯಾಸ ನೀಡಿದರು. ಹೀಗೆ ಅಂಜಿಕೆಯನ್ನು ಹಂತಹಂತವಾಗಿ ಎದುರಿಸಿದಾಗ, ಅದು ಕಳೆದುಹೋದ ಸಂಗತಿಯೆಂದು ಮನಸ್ಸು ಕಲಿಯುತ್ತದೆ. ಇಂತಹ ಚಿಕಿತ್ಸೆಗೆ ಸಾಮಾನ್ಯವಾಗಿ 8ರಿಂದ 12 ಭೇಟಿಗಳು ಬೇಕು. ನಡುವೆ ಎರಡು ಬಾರಿ ಅವರು ಹೋಗಲೊಲ್ಲೆನೆಂದರು. ಅವರ ಪತ್ನಿಯೂ ನಮ್ಮ ಸದಸ್ಯರೊಬ್ಬರೂ ಜೊತೆಗೆ ಹೋದರು. ಆಸ್ಪತ್ರೆಯ ದಿನಗಳಿಗೆ ನಾವು ಗೈರುಹಾಜರಿ ಹಾಕಲಿಲ್ಲ.

ಇಂದು ಅವರು ಪೂರ್ತಿ ಮೊದಲಿನಂತಾಗಿದ್ದಾರೆಂದು ನಾನು ಹೇಳುವುದಿಲ್ಲ. ಗುಡುಗಿದ ರಾತ್ರಿ ಈಗಲೂ ಎಚ್ಚರವಾಗಿರುತ್ತಾರೆ. ಆದರೆ ಓಡುವುದಿಲ್ಲ. ಊರಿಗೆ ನೀರು ಸಮಯಕ್ಕೆ ಬರುತ್ತಿದೆ.

ಇನ್ನು ನಮ್ಮ ಹೊಣೆಯ ಬಗ್ಗೆ ಕೆಲವು ಮಾತು.

ವಿಪತ್ತಿನ ಬಳಿಕ ಹಾನಿಯ ಪಟ್ಟಿಗಾಗಿ ಮನೆಗೆ ಹೋದಾಗ “ನಿದ್ದೆ ಬರುತ್ತಿದೆಯೇ?” ಎಂದು ಪ್ರತಿಯೊಬ್ಬರನ್ನೂ ಕೇಳಬೇಕು, ತಿಂಗಳ ನಂತರ ಮತ್ತೊಮ್ಮೆ ಕೇಳಬೇಕು. ಮಕ್ಕಳನ್ನೂ ಗಮನಿಸಬೇಕು, ಅವರ ಭಯವು ಹಾಸಿಗೆ ಒದ್ದೆಯಾಗುವುದರಲ್ಲಿ, ಶಾಲೆಗೆ ಹೋಗಲೊಲ್ಲೆನೆಂದು ಹಟ ಹಿಡಿಯುವುದರಲ್ಲಿ ಕಾಣಬಹುದು. ನಡೆದುದನ್ನು ಹೇಳೆಂದು ಯಾರನ್ನೂ ಒತ್ತಾಯಿಸಬಾರದು. ಹೇಳಿದರೆ ತಡೆಯದೆ ಕೇಳಬೇಕು. “ಮರೆತುಬಿಡು” ಎಂಬ ಬುದ್ಧಿಮಾತು ಬೇಡ. ಮರೆಯುವುದು ಅವರ ಕೈಯಲ್ಲಿದ್ದಿದ್ದರೆ ಅವರು ಎಂದೋ ಮರೆಯುತ್ತಿದ್ದರು. ದೇವರಿಗೆ ಹರಕೆ ಹೊತ್ತವರನ್ನು ಹಳಿಯುವುದೂ ಬೇಡ. ಗುಡಿಗೆ ಹೋಗಲಿ, ಆಸ್ಪತ್ರೆಗೂ ಹೋಗಲಿ.

ಗ್ರಾಮಸಭೆಯಲ್ಲಾಗಲಿ ಕಟ್ಟೆಯ ಮೇಲಾಗಲಿ ಇಂಥವರ ಹೆಸರು ಬರಕೂಡದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಚಿಕಿತ್ಸೆಯ ಹಕ್ಕನ್ನು ಕೊಟ್ಟಿರುವಂತೆ ಗೋಪ್ಯತೆಯ ಹಕ್ಕನ್ನೂ ಕೊಟ್ಟಿದೆ. ಆಸ್ಪತ್ರೆಗೆ ಬರಲು ಹಿಂಜರಿಯುವವರಿಗೆ ಟೆಲಿ ಮನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯತಿ ಗೋಡೆಯ ಮೇಲೆ ಬರೆಸಲು ಕೋರುತ್ತೇನೆ. ಯಾರಾದರೂ ಸಾಯುವ ಮಾತನಾಡಿದರೆ ಹಗುರವಾಗಿ ತೆಗೆದುಕೊಳ್ಳಬಾರದು. ಅವರನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ತಲುಪಿಸಬೇಕು.

ಕೊನೆಯದಾಗಿ, ನೌಕರರ ಮೇಲೆ ದೂರು ಬಂದಾಗ ಕ್ರಮ ಕೈಗೊಳ್ಳುವುದು ನನ್ನ ಕರ್ತವ್ಯ. ಕ್ರಮಕ್ಕೆ ಒತ್ತಾಯಿಸುವುದು ತಮ್ಮ ಹಕ್ಕು. ಅದಕ್ಕೂ ಮೊದಲು ಒಂದು ಸಲ ಅವರ ಮನೆಗೆ ಹೋಗಿ ಬರೋಣ. ಆ ದಿನ ಆ ತಾಯಿ ಕಚೇರಿಯ ಮೆಟ್ಟಿಲು ಹತ್ತದಿದ್ದರೆ ನಾನು ಮೂರನೆಯ ನೋಟಿಸಿಗೆ ಸಹಿ ಹಾಕುತ್ತಿದ್ದೆ. ಕಡತದಲ್ಲಿ ಅದರಲ್ಲಿ ಯಾವ ತಪ್ಪೂ ಕಾಣುತ್ತಿರಲಿಲ್ಲ.