ರೈಲು ಪ್ರಯಾಣದ ನಡುವೆ ಇಳಿದು ನೋಡಬೇಕಾದ ಊರುಗಳು



ಮುಂಬಯಿ ಎಂದೊಡನೆ ಗಗನಚುಂಬಿ ಕಟ್ಟಡಗಳು, ಕಡಲತೀರ ಹಾಗೂ ಕಿಕ್ಕಿರಿದ ಲೋಕಲ್ ರೈಲುಗಳು ಕಣ್ಣೆದುರಿಗೆ ಬರುತ್ತವೆ. ಆದರೆ ಅದೇ ಲೋಕಲ್ ರೈಲುಗಳು ನಿಲ್ಲುವ ನಿಲ್ದಾಣಗಳಲ್ಲಿ ಮಹಾನಗರಕ್ಕಿಂತ ಬಹಳ ಹಿರಿಯವಾದ ಊರುಗಳ ಹೆಸರುಗಳಿವೆ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಾದ ‘ಪೆರಿಪ್ಲಸ್’ ಸೋಪಾರಾ ಮತ್ತು ಕಲ್ಯಾಣಗಳನ್ನು ಪಶ್ಚಿಮ ಕರಾವಳಿಯ ಬಂದರುಗಳೆಂದು ಹೆಸರಿಸಿದೆ. ಇಂದು ಇವು ಉಪನಗರಗಳೆನಿಸಿವೆ. ನಿತ್ಯ ಲಕ್ಷಾಂತರ ಜನ ಇವುಗಳನ್ನು ಹಾದುಹೋಗುತ್ತಾರೆ. ಇತಿಹಾಸವನ್ನು ಅರಸಿ ಇಳಿಯುವವರು ವಿರಳ. ಸ್ವಂತ ವಾಹನವಿಲ್ಲದ ಸಾಮಾನ್ಯ ಕುಟುಂಬವೂ ರೈಲು ಟಿಕೆಟ್ಟಿನ ಬಲದಿಂದಲೇ ಇವುಗಳನ್ನು ನೋಡಿ ಬರಬಹುದು. ಅದಕ್ಕೆ ಬೇಕಾದುದು ಹೆಚ್ಚು ಹಣವಲ್ಲ, ಸ್ವಲ್ಪ ಪೂರ್ವಯೋಜನೆ.

ದೂರದ ಪ್ರಯಾಣಿಕರಿಗೆ ರೈಲ್ವೆಯು ಒಂದು ಸೌಲಭ್ಯವನ್ನು ಒದಗಿಸಿದೆ. 500 ಕಿಲೋಮೀಟರಿಗಿಂತ ಹೆಚ್ಚು ದೂರದ ಟಿಕೆಟ್ ಪಡೆದವರು, ಮೊದಲ 500 ಕಿಲೋಮೀಟರ್ ಕ್ರಮಿಸಿದ ಬಳಿಕ ಮಾರ್ಗಮಧ್ಯದ ಒಂದು ನಿಲ್ದಾಣದಲ್ಲಿ ಇಳಿದು ಎರಡು ದಿನ ತಂಗಬಹುದು. ಇಳಿದ ದಿನವೂ ಮತ್ತೆ ಹೊರಡುವ ದಿನವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ಇಳಿದ ಕೂಡಲೇ ಟಿಕೆಟ್ಟಿನ ಮೇಲೆ ನಿಲ್ದಾಣದ ಅಧಿಕಾರಿಯ ದೃಢೀಕರಣ ಪಡೆಯಬೇಕು. ರಾಜಧಾನಿ, ಶತಾಬ್ದಿಯಂತಹ ರೈಲುಗಳಿಗೆ ಈ ಸೌಲಭ್ಯವಿಲ್ಲ. ಮುಂದಿನ ಹಂತಕ್ಕೂ ಆಸನ ಬೇಕಾದವರು ತಂಗುವ ಊರನ್ನು ಟಿಕೆಟ್ ಪಡೆಯುವಾಗಲೇ ಮುಂಗಡ ಕಾಯ್ದಿರಿಸುವ ಕೌಂಟರಿನಲ್ಲಿ ತಿಳಿಸಿ, ನಿಯಮಗಳನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳಿತು.

ಕನ್ನಡಿಗರಿಗೆ ಇದು ಎರಡು ಬಗೆಯಲ್ಲಿ ಉಪಯುಕ್ತ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ನಂತರ, ಕರಾವಳಿಯಿಂದ ಗುಜರಾತ್, ರಾಜಸ್ಥಾನಗಳತ್ತ ಸಾಗುವ ಹಲವು ರೈಲುಗಳು ವಸಾಯಿ ರೋಡ್ ಮೂಲಕ ಹೋಗುತ್ತವೆ. ಮಂಗಳೂರಿನಿಂದ ದ್ವಾರಕೆಯ ಯಾತ್ರೆಗೆ ಹೊರಟವರು ಇಲ್ಲಿ ಇಳಿಯಬಹುದು. ಬೆಂಗಳೂರು, ರಾಯಚೂರು, ಕಲಬುರಗಿಗಳ ಕಡೆಯಿಂದ ಸೋಲಾಪುರದ ದಾರಿಯಾಗಿ ಮುಂಬಯಿಗೆ ಬರುವವರಿಗೆ ಕಲ್ಯಾಣವೇ ಅನುಕೂಲವಾದ ತಾಣ. ಬೀಗ ಹಾಕಿದ ಪೆಟ್ಟಿಗೆಗಳನ್ನು ಟಿಕೆಟ್ ತೋರಿಸಿ ದೊಡ್ಡ ನಿಲ್ದಾಣಗಳ ಕ್ಲೋಕ್ ರೂಮಿನಲ್ಲಿ ಇರಿಸಿದರೆ ಬರಿಗೈಯಲ್ಲಿ ಸುತ್ತಾಡಬಹುದು.

ವಸಾಯಿ ರೋಡ್ ನಿಲ್ದಾಣದ ಪಶ್ಚಿಮ ಬದಿಯಿಂದ ಕೋಟೆಗೆ ಬಸ್ಸುಗಳೂ ಆಟೋರಿಕ್ಷಾಗಳೂ ದೊರೆಯುತ್ತವೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಷಾ ಈ ನೆಲವನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಅವರು ಕಟ್ಟಿದ ಕೋಟೆಯು ಎರಡು ಶತಮಾನಗಳ ಕಾಲ ಅವರ ಉತ್ತರ ಪ್ರಾಂತದ ರಾಜಧಾನಿಯಾಗಿತ್ತು. 1739ರಲ್ಲಿ ಚಿಮಾಜಿ ಅಪ್ಪಾನ ನೇತೃತ್ವದ ಮರಾಠಾ ಸೈನ್ಯ ಇದನ್ನು ಗೆದ್ದಿತು. ಪೇಶ್ವೆ ಎರಡನೆಯ ಬಾಜಿರಾಯನು ಬ್ರಿಟಿಷರ ಆಶ್ರಯ ಬೇಡಿ ಒಪ್ಪಂದ ಮಾಡಿಕೊಂಡುದು 1802ರ ಡಿಸೆಂಬರ್ 31ರಂದು, ಇದೇ ವಸಾಯಿಯಲ್ಲಿ. ಮರಾಠರ ವಿಜಯದಿಂದ ಪತನದವರೆಗಿನ ಕಥೆ ಒಂದೇ ಊರಿನಲ್ಲಿ ಅಡಗಿದೆ. ಛಾವಣಿ ಕಳೆದುಕೊಂಡ ಚರ್ಚುಗಳು, ಕಮಾನುಗಳು, ಗೋಡೆಗೆ ಬೇರುಬಿಟ್ಟ ಮರಗಳು ಇವುಗಳನ್ನು ನಿಧಾನವಾಗಿ ನೋಡಲು ಅರ್ಧ ದಿನ ಬೇಕು. ಕುಡಿಯುವ ನೀರನ್ನು ಜೊತೆಗೆ ಒಯ್ಯಬೇಕು. ಶಿಥಿಲ ಗೋಡೆಗಳನ್ನು ಏರದೆ ಸೂರ್ಯಾಸ್ತಕ್ಕೆ ಮುನ್ನ ಹಿಂತಿರುಗುವುದು ಕ್ಷೇಮ.

ವಸಾಯಿಯ ಮುಂದಿನ ನಿಲ್ದಾಣವೇ ನಾಲಾಸೋಪಾರಾ. ಪ್ರಾಚೀನ ಗ್ರಂಥಗಳ ಶೂರ್ಪಾರಕ ಇದು. 1882ರಲ್ಲಿ ಪಂಡಿತ ಭಗವಾನ್‌ಲಾಲ್ ಇಂದ್ರಜಿ ಇಲ್ಲಿನ ದಿಬ್ಬವೊಂದನ್ನು ಅಗೆದಾಗ ಬೌದ್ಧ ಸ್ತೂಪವೂ, ಅದರ ಗರ್ಭದಲ್ಲಿ ಕಲ್ಲಿನ ಭರಣಿಯೊಳಗೆ ಅವಶೇಷ ಕರಂಡಕಗಳೂ ದೊರೆತವು. ಅದೇ ವರ್ಷ ಅಶೋಕನ ಎಂಟನೆಯ ಶಿಲಾಶಾಸನದ ಒಂದು ತುಣುಕು ಸಿಕ್ಕಿತು. 1956ರಲ್ಲಿ ಒಂಬತ್ತನೆಯ ಶಾಸನದ ಭಾಗವೂ ದೊರೆಯಿತು. ಎಂಟನೆಯ ಶಾಸನದ ವಿಷಯವೇ ಪ್ರವಾಸ ಎಂಬುದು ಗಮನಾರ್ಹ. ಹಿಂದಿನ ಅರಸರು ಬೇಟೆ ಮತ್ತು ವಿನೋದಕ್ಕಾಗಿ ವಿಹಾರಯಾತ್ರೆ ಕೈಗೊಳ್ಳುತ್ತಿದ್ದರು. ಅಶೋಕನಾದರೋ ಅದನ್ನು ಬಿಟ್ಟು, ಹಿರಿಯರನ್ನು ಕಾಣುವ, ನಾಡಿನ ಜನರೊಡನೆ ಮಾತನಾಡುವ ಧರ್ಮಯಾತ್ರೆಯನ್ನು ಆರಂಭಿಸಿದನು. ಇದು ಅದರ ಸಾರಾಂಶ. ಮಸ್ಕಿ, ಬ್ರಹ್ಮಗಿರಿ, ಸನ್ನತಿಗಳ ಶಾಸನಗಳನ್ನು ಬಲ್ಲ ಕನ್ನಡಿಗನಿಗೆ ಇದು ಪರಿಚಿತ ಧ್ವನಿಯೇ ಸರಿ. ಈ ಶಾಸನವನ್ನು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಕಾಣಬಹುದು. ಸ್ತೂಪವನ್ನು ಸೋಪಾರಾದಲ್ಲಿಯೂ ಶಾಸನವನ್ನು ನಗರದಲ್ಲಿಯೂ ನೋಡಿದಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ಕಲ್ಯಾಣದಲ್ಲಿ ಇಳಿದವರು ಕರ್ಜತ್ ಕಡೆಯ ಲೋಕಲ್ ಹಿಡಿದರೆ ಮೂರನೆಯ ನಿಲ್ದಾಣ ಅಂಬರನಾಥ. ಅದರ ಪೂರ್ವ ಬದಿಯಲ್ಲಿ, ಆಟೋರಿಕ್ಷಾ ದೂರದಲ್ಲಿ, ಶಿಲಾಹಾರರ ಕಾಲದ ಶಿವಾಲಯವಿದೆ. ಅಲ್ಲಿಯ ಶಾಸನದ ಕಾಲ ಶಕ 982, ಅಂದರೆ ಕ್ರಿಸ್ತಶಕ 1060. ನೆಲಮಟ್ಟಕ್ಕಿಂತ ಕೆಳಗಿರುವ ಗರ್ಭಗೃಹಕ್ಕೆ ಮೆಟ್ಟಿಲುಗಳನ್ನು ಇಳಿದು ಹೋಗಬೇಕು. ಹೊರಗೋಡೆಯ ಕಪ್ಪು ಶಿಲೆಯಲ್ಲಿ ದೇವತೆಗಳ ಸಾಲುಸಾಲು ಶಿಲ್ಪಗಳಿವೆ; ಅನೇಕ ಶಿಲ್ಪಗಳು ಬಿಸಿಲು ಮಳೆಗಳಿಗೆ ಸಿಕ್ಕಿ ಸವೆದಿವೆ. ಉತ್ತರ ಕೊಂಕಣದ ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಸಾಮಂತರು. ಬೊರಿವಲಿಯ ಸಮೀಪದ ಕಾನ್ಹೇರಿ ಗುಹೆಗಳಲ್ಲಿ ನೃಪತುಂಗ ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುವ ಶಿಲಾಹಾರ ಶಾಸನಗಳಿರುವುದು ಈ ಸಂಬಂಧಕ್ಕೆ ಸಾಕ್ಷಿ. ಉದ್ಯೋಗವನ್ನು ಅರಸಿ ಮುಂಬಯಿಗೆ ಬಂದ ಕನ್ನಡಿಗರಿಗಿಂತ ಸಾವಿರ ವರ್ಷ ಮೊದಲೇ ಕನ್ನಡನಾಡಿನ ಅರಸರ ಹೆಸರು ಇಲ್ಲಿನ ಕಲ್ಲಿನಲ್ಲಿ ಮೂಡಿತ್ತು. ಮಹಾಶಿವರಾತ್ರಿಯಂದು ಅಂಬರನಾಥದಲ್ಲಿ ದೊಡ್ಡ ಜಾತ್ರೆ ಸೇರುವುದರಿಂದ, ಶಿಲ್ಪಗಳನ್ನು ನೋಡಬಯಸುವವರು ಬೇರೆ ದಿನವನ್ನು ಆರಿಸಿಕೊಳ್ಳಬೇಕು.

ನಗರದಲ್ಲಿ ತಂಗಿರುವವರು ಜನಸಂದಣಿಯ ಲೆಕ್ಕವನ್ನು ಅರಿತಿರಬೇಕು. ಬೆಳಿಗ್ಗೆ ಜನಪ್ರವಾಹ ನಗರದತ್ತ, ಸಂಜೆ ಉಪನಗರಗಳತ್ತ ಹರಿಯುತ್ತದೆ. ಬೆಳಿಗ್ಗೆ ವಸಾಯಿ ಅಥವಾ ಅಂಬರನಾಥಕ್ಕೆ ಹೊರಟು ಸಂಜೆ ಹಿಂತಿರುಗುವ ಪ್ರವಾಸಿಗರು ಈ ಪ್ರವಾಹಕ್ಕೆ ಎದುರಾಗಿ ಚಲಿಸುವುದರಿಂದ ಮಕ್ಕಳಿಗೂ ವೃದ್ಧರಿಗೂ ಕುಳಿತುಕೊಳ್ಳಲು ಸ್ಥಳ ಸಿಗುವ ಸಂಭವ ಹೆಚ್ಚು. ಒಂದು, ಮೂರು ಮತ್ತು ಐದು ದಿನಗಳ ಪ್ರವಾಸಿ ಟಿಕೆಟ್ಟುಗಳೂ ಉಪನಗರ ರೈಲುಗಳಿಗೆ ದೊರೆಯುತ್ತವೆ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳ ನಡುವೆ ಬದಲಾಯಿಸಲು ದಾದರ್ ಅನುಕೂಲಕರ. ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಅವಸರ ಸಲ್ಲದು: ವಸಾಯಿ ಮತ್ತು ಸೋಪಾರಾಗಳಿಗೆ ಒಂದು ದಿನ, ಕಲ್ಯಾಣ ಮತ್ತು ಅಂಬರನಾಥಗಳಿಗೆ ಇನ್ನೊಂದು ದಿನ ಎಂದು ವಿಂಗಡಿಸಿಕೊಳ್ಳಬೇಕು.

ವೇಗವಾಗಿ ಬೆಳೆಯುತ್ತಿರುವ ಈ ಪಟ್ಟಣಗಳಲ್ಲಿ ಮನೆಗಳಿಗೂ ರಸ್ತೆಗಳಿಗೂ ನೆಲ ಬೇಕಾಗಿದೆ. ನೋಡುವವರಿಲ್ಲದ ಸ್ಮಾರಕದ ಪರವಾಗಿ ಮಾತನಾಡುವವರೂ ಇರುವುದಿಲ್ಲ. ಸೋಪಾರಾದ ಶಾಸನಗಳಲ್ಲಿ ಉಳಿದಿರುವುದು ತುಣುಕುಗಳಷ್ಟೇ ಎಂಬುದು ಈ ಮಾತಿಗೆ ಎಚ್ಚರಿಕೆಯಂತಿದೆ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಶ್ರೀಮಂತ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಸಂವಿಧಾನದ 51-ಎ ಅನುಚ್ಛೇದ ವಿಧಿಸಿರುವ ಮೂಲಭೂತ ಕರ್ತವ್ಯ. ಗೋಡೆಯ ಮೇಲೆ ಹೆಸರು ಕೆತ್ತದೆ, ಕಸ ಎಸೆಯದೆ, ಸ್ಥಳೀಯರೊಡನೆ ನಾಲ್ಕು ಮಾತನಾಡಿ, ಕಂಡುದನ್ನು ಮಕ್ಕಳಿಗೆ ವಿವರಿಸಿ ಹಿಂತಿರುಗುವ ಪ್ರತಿಯೊಬ್ಬ ಪ್ರಯಾಣಿಕನೂ ಈ ಕರ್ತವ್ಯದಲ್ಲಿ ತನ್ನ ಪಾಲನ್ನು ಸಲ್ಲಿಸಿದಂತಾಗುತ್ತದೆ.